ಮಡಿಕೆ ಎಲ್ಲಿ ಬೀಳಬೇಕು: ಪ್ರದರ್ಶನದ ನಾಯಿಮರಿಗೆ ಕಿವಿ ಕೂರಿಸುವ ಕ್ರಮ

ಶ್ವಾನ ಪ್ರದರ್ಶನದ ಅಂಕಣದಲ್ಲಿ ಏರ್‌ಡೇಲ್ ಟೆರಿಯರ್ ನಾಯಿಯೊಂದು ಬಂದು ನಿಂತಾಗ ನೋಡುವವರ ದೃಷ್ಟಿ ಮೊದಲು ಹೋಗುವುದು ಅದರ ಕಿವಿಯ ಮೇಲೆ. ಈ ತಳಿಯ ತಲೆಬುರುಡೆ ಉದ್ದವಾಗಿ, ಹಲಗೆಯಂತೆ ಚಪ್ಪಟೆಯಾಗಿ ಇರುತ್ತದೆ. ಆ ಚಪ್ಪಟೆ ಗೆರೆಗಿಂತ ತುಸುವೇ ಮೇಲಕ್ಕೆ ಎದ್ದು, ಅಲ್ಲಿ ಚೊಕ್ಕವಾಗಿ ಮಡಿಚಿಕೊಂಡು, ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ತಲೆಯ ಬದಿಗೆ ಇಳಿಯುವ ಎರಡು ಚಿಕ್ಕ ಕಿವಿಗಳಿಂದಲೇ ಆ ಮುಖಕ್ಕೆ ಎಚ್ಚರದ ಕಳೆ ಬರುತ್ತದೆ. ಮಡಿಕೆ ಒಂದು ಬೆರಳಿನಷ್ಟು ಕೆಳಗೆ ಬಿದ್ದರೂ ಅದೇ ನಾಯಿ ಜೋಲುಮುಖದ ಬೇಟೆನಾಯಿಯಂತೆ ಕಾಣುತ್ತದೆ. ಅಷ್ಟೇ ಮೇಲಕ್ಕೆ ಸರಿದರೆ ಗಾಬರಿಬಿದ್ದ ಪ್ರಾಣಿಯಂತೆ ಕಾಣುತ್ತದೆ. ಇಷ್ಟು ಸೂಕ್ಷ್ಮವಾದ ಈ ಮಡಿಕೆ ಬಹಳಷ್ಟು ಮರಿಗಳಲ್ಲಿ ತಾನಾಗಿ ಸರಿಯಾದ ಜಾಗದಲ್ಲಿ ಬೀಳುವುದಿಲ್ಲ. ಮರಿಗೆ ಮೂರು ತಿಂಗಳಾದಲ್ಲಿಂದ ಏಳೆಂಟು ತಿಂಗಳಾಗುವವರೆಗೆ ಬ್ರೀಡರುಗಳು ಕಿವಿಯನ್ನು ಅಂಟಿನಿಂದ ಒಂದು ಭಂಗಿಯಲ್ಲಿ ಹಿಡಿದಿಡುವುದು ಈ ಕಾರಣಕ್ಕೆ. ಅಂಟು ಹಚ್ಚುವ ಕೆಲಸವನ್ನು ಕಲಿಯುವುದು ಕಷ್ಟವಲ್ಲ. ಆದರೆ ಕಿವಿ ಯಾಕೆ ಹಾಗೆ ವರ್ತಿಸುತ್ತದೆ ಎಂಬುದನ್ನು ತಿಳಿಯದೆ ಕೈಹಾಕಿದವರು ಒಂದೋ ತಪ್ಪು ಆಕಾರವನ್ನೇ ಗಟ್ಟಿ ಮಾಡಿಬಿಡುತ್ತಾರೆ, ಇಲ್ಲವೇ ಮರಿಯ ಚರ್ಮವನ್ನು ಹಾಳುಮಾಡುತ್ತಾರೆ. ಆದ್ದರಿಂದ ಕಿವಿಯ ರಚನೆಯಿಂದಲೇ ಆರಂಭಿಸುವುದು ಒಳ್ಳೆಯದು.

ನಾಯಿಯ ಕಿವಿಹಾಲೆ ಎಂದರೆ ಎರಡು ಪದರ ಚರ್ಮದ ನಡುವೆ ಇರುವ ಒಂದು ತೆಳುವಾದ ಮೃದ್ವಸ್ಥಿ, ಅಂದರೆ ಮೂಳೆಯಷ್ಟು ಗಟ್ಟಿಯಲ್ಲದ, ಬಾಗುವ ಅಂಗಾಂಶ (ಕಾರ್ಟಿಲೇಜ್). ನಮ್ಮ ಕಿವಿಯಲ್ಲಿರುವಂತೆ ಇದು ಕೂಡ ಸ್ಥಿತಿಸ್ಥಾಪಕ ಜಾತಿಯ ಮೃದ್ವಸ್ಥಿ; ಬಗ್ಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವ ಎಳೆಗಳು ಇದರ ತುಂಬ ಹೆಣೆದುಕೊಂಡಿರುತ್ತವೆ. ಬುಡದಲ್ಲಿ ದಪ್ಪ ಹೆಚ್ಚು, ತುದಿಗೆ ಹೋದಂತೆ ಕಡಿಮೆ. ಕಿವಿಯನ್ನು ಎತ್ತಲು, ತಿರುಗಿಸಲು, ಹಿಂದಕ್ಕೆ ಒರಗಿಸಲು ಒಂದೊಂದು ಕಿವಿಗೂ ಹನ್ನೆರಡಕ್ಕೂ ಹೆಚ್ಚು ಸಣ್ಣ ಸ್ನಾಯುಗಳಿವೆ. ಇವುಗಳಲ್ಲಿ ಹಲವು ಕಿವಿಯ ಮುಂಬದಿಯಲ್ಲಿ, ತಲೆಯ ಚರ್ಮದ ಅಡಿಯಲ್ಲಿ ಇರುವ ಮತ್ತೊಂದು ಚಪ್ಪಟೆ ಮೃದ್ವಸ್ಥಿಗೆ ಅಂಟಿಕೊಂಡಿರುತ್ತವೆ. ಕಿವಿ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದನ್ನು ಬುಡದ ಸ್ನಾಯುಗಳು ನಿರ್ಧರಿಸುತ್ತವೆ. ಎದ್ದ ಮೇಲೆ ಎಲ್ಲಿ ಬಾಗುತ್ತದೆ ಎಂಬುದನ್ನು ಮೃದ್ವಸ್ಥಿಯ ದಪ್ಪ, ಹಾಲೆಯ ಉದ್ದ ಮತ್ತು ತುದಿಯ ಭಾರ ಸೇರಿ ನಿರ್ಧರಿಸುತ್ತವೆ. ಈ ಎರಡನ್ನೂ ಬೇರೆಬೇರೆಯಾಗಿ ನೋಡುವ ಅಭ್ಯಾಸ ಬಂದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಅಂಟಿನಿಂದ ತಿದ್ದಬಹುದಾದದ್ದು ಮುಖ್ಯವಾಗಿ ಎರಡನೆಯದನ್ನು ಮಾತ್ರ.

ತೆಳುವಾದ ವಸ್ತುವೊಂದು ನಿಲ್ಲುವುದಕ್ಕೂ ಬಾಗುವುದಕ್ಕೂ ಅದರ ಆಕಾರವೇ ಕಾರಣ ಎಂಬುದನ್ನು ಬಾಳೆಗಿಡದಲ್ಲಿ ಸ್ಪಷ್ಟವಾಗಿ ನೋಡಬಹುದು. ಸುರುಳಿ ಸುತ್ತಿಕೊಂಡು ಹೊರಬರುವ ಬಾಳೆಯ ಸುಳಿ ನೆಟ್ಟಗೆ ಆಕಾಶ ನೋಡುತ್ತ ನಿಲ್ಲುತ್ತದೆ. ಅದೇ ಎಲೆ ಬಿಚ್ಚಿ ಅಗಲವಾದ ಮೇಲೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ನಾಯಿಯ ಕಿವಿಯೂ ಹಾಗೆಯೇ. ಬುಡದಲ್ಲಿ ಹಾಲೆ ದೊನ್ನೆಯಂತೆ ಒಳಬಾಗಿದ್ದರೆ ಆ ಭಾಗ ನಿಲ್ಲುತ್ತದೆ, ಬಾಗು ಎಲ್ಲಿ ಚಪ್ಪಟೆಯಾಗುತ್ತದೆಯೋ ಅಲ್ಲಿ ಮಡಿಕೆ ಬೀಳುತ್ತದೆ. ಬುಡವೇ ಚಪ್ಪಟೆಯಾಗಿದ್ದರೆ ಕಿವಿ ತಲೆಯ ಪಕ್ಕಕ್ಕೆ ಜೋತು ಬೀಳುತ್ತದೆ. ತುದಿಯವರೆಗೂ ಬಾಗು ಉಳಿದು ಮೃದ್ವಸ್ಥಿ ಗಟ್ಟಿಯಾಗಿದ್ದರೆ ಕಿವಿ ಪೂರ್ತಿ ನಿಮಿರಿಬಿಡುತ್ತದೆ. ಮಡಿಕೆ ಅಡ್ಡಕ್ಕೆ ಬೀಳುವ ಬದಲು ಹಿಂದಕ್ಕೆ ಹೊರಳಿ ಕಿವಿಯ ಒಳಭಾಗ ಕಾಣುವಂತಾದರೆ ಅದನ್ನು ಗುಲಾಬಿ ಕಿವಿ ಎನ್ನುತ್ತಾರೆ. ಬುಲ್‌ಡಾಗ್ ತಳಿಯಲ್ಲಿ ಇದು ಬೇಕಾದ ಲಕ್ಷಣ, ಟೆರಿಯರ್‌ಗಳಲ್ಲಿ ದೋಷ.

ಏರ್‌ಡೇಲ್ ತಳಿಗೆ ಈ ತೊಂದರೆ ಹೆಚ್ಚಾಗಿ ಬರುವುದಕ್ಕೆ ಅದರ ಹುಟ್ಟಿನಲ್ಲೇ ಕಾರಣ ಹುಡುಕಬಹುದು. 19ನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಏರ್ ನದಿಯ ಕಣಿವೆಯಲ್ಲಿ, ನೀರಿನಂಚಿನ ಬೇಟೆಗೆಂದು ಅಲ್ಲಿನ ಜನ ಒರಟು ಕೂದಲಿನ ಟೆರಿಯರ್‌ಗಳನ್ನು ಆಟರ್‌ಹೌಂಡ್ ಜೊತೆ ಬೆರೆಸಿ ಈ ನಾಯಿಯನ್ನು ರೂಪಿಸಿದರು. ಟೆರಿಯರ್‌ನ ಕಿವಿ ಚಿಕ್ಕದು, ಚುರುಕಾಗಿ ಏಳುವಂಥದ್ದು. ನೀರುನಾಯಿಯ ಬೇಟೆಗೆ ಬಳಸುತ್ತಿದ್ದ ಆಟರ್‌ಹೌಂಡ್‌ನ ಕಿವಿ ಉದ್ದ, ಕೆಳಗಿನಿಂದ ಹೊರಡುವಂಥದ್ದು, ಪೂರ್ತಿ ಜೋಲುವಂಥದ್ದು. ಒಂದೇ ಸೂಲಿನ ಮರಿಗಳಲ್ಲಿ ಒಂದರ ಕಿವಿ ಗಾಳಿಗೆ ಹಾರುವಂತೆ ಏಳುವುದು, ಇನ್ನೊಂದರದು ಕೆನ್ನೆಗೆ ಅಂಟಿಕೊಂಡು ನೇತಾಡುವುದು ಈ ಎರಡು ಮನೆತನಗಳ ಜಗಳ ಇನ್ನೂ ಮುಗಿದಿಲ್ಲ ಎಂಬುದರ ಗುರುತು ಎಂದು ನನಗೆ ಅನಿಸುತ್ತದೆ. ತಳಿಯ ಮಾನದಂಡವಾದರೋ ಎರಡನ್ನೂ ಒಪ್ಪುವುದಿಲ್ಲ: ಕಿವಿ ಬದಿಗೆ ಇಳಿದಿರಬೇಕು, ಕಣ್ಣಿನತ್ತ ತೋರಬಾರದು, ಮಡಿಕೆಯ ಗೆರೆ ಬುರುಡೆಯ ಮಟ್ಟಕ್ಕಿಂತ ಮೇಲಿರಬೇಕು ಎಂದು ಅದು ಹೇಳುತ್ತದೆ. ಇದೇ ಹೊತ್ತಿಗೆ ನಮ್ಮ ಮುಧೋಳ ನಾಯಿಯನ್ನು ನೆನೆಯಬಹುದು. ಅದರ ಕಿವಿ ತಲೆಗೆ ಒತ್ತಿಕೊಂಡು ಇಳಿಬಿದ್ದಿರುವುದೇ ಸಹಜವಾದ್ದರಿಂದ ಅದಕ್ಕೆ ಅಂಟಿನ ಆರೈಕೆಯ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಸಮಯದ ವಿಚಾರ. ನಾಯಿಮರಿಗೆ 28 ಹಾಲುಹಲ್ಲುಗಳಿರುತ್ತವೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ಮುಂಬದಿಯ ಹಲ್ಲುಗಳಿಂದ ಆರಂಭವಾಗಿ ಅವು ಉದುರತೊಡಗುತ್ತವೆ, ಆರೇಳು ತಿಂಗಳಾಗುವಷ್ಟರಲ್ಲಿ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಈ ನಾಲ್ಕು ತಿಂಗಳ ಅವಧಿಯಲ್ಲಿ ಕಿವಿಯನ್ನು ನಂಬುವಂತಿಲ್ಲ. ಸೋಮವಾರ ಎರಡೂ ಕಿವಿ ಚಿತ್ರದಲ್ಲಿರುವಂತೆ ಮಡಿಚಿಕೊಂಡಿದ್ದ ಮರಿ ಗುರುವಾರದ ಹೊತ್ತಿಗೆ ಒಂದು ಕಿವಿಯನ್ನು ನೆತ್ತಿಯ ಮೇಲೆ, ಇನ್ನೊಂದನ್ನು ಹಿಂದಕ್ಕೆ ಹೊರಳಿಸಿಕೊಂಡು ಓಡಾಡುತ್ತಿರುತ್ತದೆ. ಮರಿಯ ದವಡೆ, ಬುರುಡೆ, ಕಿವಿಹಾಲೆ ಮತ್ತು ಸ್ನಾಯುಗಳು ಈಗ ಒಂದೇ ವೇಗದಲ್ಲಿ ಬೆಳೆಯುತ್ತಿರುವುದಿಲ್ಲ. ಹಲ್ಲು ಬರುವಾಗ ಒಸಡು ನೋಯುವುದರಿಂದ ಮರಿ ಮುಖವನ್ನೂ ಕಿವಿಯನ್ನೂ ಹಿಡಿಯುವ ರೀತಿ ಸಹ ಬದಲಾಗುತ್ತದೆ. ಈ ಕಾಲದಲ್ಲಿ ಮೃದ್ವಸ್ಥಿ ಇನ್ನೂ ಎಳೆಯದು. ಯಾವ ಗೆರೆಯಲ್ಲಿ ಅದು ವಾರಗಟ್ಟಲೆ ಮಡಿಚಿಕೊಂಡಿರುತ್ತದೆಯೋ ಆ ಗೆರೆಯೇ ಮುಂದೆ ಕಾಯಂ ಆಗುವ ಸಂಭವ ಹೆಚ್ಚು. ತಪ್ಪು ಜಾಗದಲ್ಲಿ ಮಡಿಚಿಕೊಂಡ ಕಿವಿಗೂ ಈ ಮಾತು ಅಷ್ಟೇ ಅನ್ವಯಿಸುವುದರಿಂದ, "ತಾನಾಗಿ ಸರಿಹೋದೀತು" ಎಂದು ಐದಾರು ತಿಂಗಳು ಕಾಯುವುದನ್ನು ಅನುಭವಿ ಬ್ರೀಡರುಗಳು ಒಪ್ಪುವುದಿಲ್ಲ.

ಹೀಗೆ ಎಳೆಯ ಮೃದ್ವಸ್ಥಿಗೆ ಒತ್ತಾಸೆ ಕೊಟ್ಟು ಆಕಾರ ತಿದ್ದುವುದು ನಾಯಿಸಾಕಣೆಯಲ್ಲಿ ಮಾತ್ರ ಇರುವ ಕ್ರಮವಲ್ಲ. ಕಿವಿ ಮಡಿಚಿಕೊಂಡು ಹುಟ್ಟಿದ ಮನುಷ್ಯರ ಶಿಶುಗಳಿಗೂ ವೈದ್ಯರು ಮೊದಲ ಕೆಲವು ವಾರಗಳಲ್ಲೇ ಮೆತ್ತನೆಯ ಅಚ್ಚನ್ನು ಕೂರಿಸಿ ಶಸ್ತ್ರಚಿಕಿತ್ಸೆಯಿಲ್ಲದೆ ಸರಿಪಡಿಸುತ್ತಾರೆ. ತಾಯಿಯಿಂದ ಬಂದ ಈಸ್ಟ್ರೋಜನ್‌ನ ಪ್ರಭಾವ ಮಗುವಿನ ದೇಹದಲ್ಲಿ ಇರುವಷ್ಟು ದಿನ ಅದರ ಕಿವಿ ಹೆಚ್ಚು ಮೃದುವಾಗಿರುತ್ತದೆ ಎಂಬುದು ಅಲ್ಲಿನ ವಿವರಣೆ. ನಾಯಿಮರಿಯಲ್ಲಿ ಕಾಲಾವಧಿಯೂ ಕಾರಣವೂ ಬೇರೆ. ಆದರೆ ಎಳೆಯದಿದ್ದಾಗ ಸ್ವಲ್ಪ ಬಲ ಸಾಕು, ಬಲಿತ ಮೇಲೆ ಎಷ್ಟು ಬಲವೂ ಸಾಲದು ಎಂಬ ತತ್ವ ಎರಡೂ ಕಡೆ ಒಂದೇ.

ಅಂಟು ಹಚ್ಚುವ ಮೊದಲು ಮಾಡಬೇಕಾದ ಕೆಲಸವನ್ನು ಅನೇಕರು ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಕನಿಷ್ಠ ಒಂದು ವಾರ ಮರಿಯನ್ನು ಸುಮ್ಮನೆ ನೋಡಬೇಕು: ನಿದ್ದೆಯಿಂದ ಎದ್ದಾಗ, ಊಟದ ಬಟ್ಟಲಿನ ಸದ್ದು ಕೇಳಿದಾಗ, ಅಪರಿಚಿತರು ಬಂದಾಗ, ದಣಿದು ಮಲಗಿದಾಗ ಕಿವಿ ಏನು ಮಾಡುತ್ತದೆ ಎಂದು ಗಮನಿಸಬೇಕು. ಗಮನ ಸೆಳೆದ ಕ್ಷಣದಲ್ಲಿ ಬುಡ ಮೇಲಕ್ಕೆ ಏಳುತ್ತಿದ್ದು ಮಡಿಕೆ ಮಾತ್ರ ಕೆಳಗೆ ಬೀಳುತ್ತಿದ್ದರೆ ಅಂಟಿನಿಂದ ಚೆನ್ನಾಗಿ ಪ್ರಯೋಜನವಾಗುತ್ತದೆ. ಬುಡವೇ ಏಳದಿದ್ದರೆ, ಅಂದರೆ ಕಿವಿ ತಲೆಯ ಮೇಲೆ ಹೊರಡುವ ಜಾಗವೇ ಕೆಳಗಿದ್ದರೆ, ಅಂಟಿನಿಂದ ಆಗುವ ಸುಧಾರಣೆ ಸ್ವಲ್ಪ. ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದ ಸಾರ ಇದು: ಎಚ್ಚರಗೊಂಡ ಒಂದು ಕ್ಷಣ ಮರಿ ತಾನಾಗಿ ತೋರಿಸುವ ಒಳ್ಳೆಯ ಭಂಗಿಯನ್ನು ಅಂಟು ಇಡೀ ದಿನ ಉಳಿಸಿಕೊಡುತ್ತದೆ. ಮರಿ ಎಂದೂ ತೋರಿಸದ ಭಂಗಿಯನ್ನು ಅಂಟಿನಿಂದ ಹುಟ್ಟಿಸಲಾಗುವುದಿಲ್ಲ.

ಆಮೇಲೆ ಸ್ವಚ್ಛತೆ. ಕಿವಿಯ ಒಳಗಿನ, ಹೊರಗಿನ ಮತ್ತು ಅಂಟು ತಾಗುವ ತಲೆಯ ಭಾಗದ ಕೂದಲನ್ನು ಕ್ಲಿಪ್ಪರ್‌ನಿಂದ ಗಿಡ್ಡ ಮಾಡಬೇಕು. ಇದರಿಂದ ಅಂಟು ಚೆನ್ನಾಗಿ ಹಿಡಿಯುತ್ತದೆ, ಜೊತೆಗೆ ತುದಿಯ ಭಾರವೂ ಇಳಿಯುತ್ತದೆ. ಕೆಲವು ಮರಿಗಳಿಗೆ ಕೂದಲು ತೆಗೆದದ್ದರಿಂದಲೇ ಮಡಿಕೆ ಅಷ್ಟಿಷ್ಟು ಮೇಲೆ ಬರುವುದುಂಟು. ಚರ್ಮದ ಎಣ್ಣೆಯ ಅಂಶವನ್ನು ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್ ಅದ್ದಿ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಅಂಟಿನ ಆಯ್ಕೆ ಬಹಳ ಮುಖ್ಯ. ಬಟ್ಟೆ ಜೋಡಿಸಲು ಬಳಸುವ, ಒಣಗಿದ ಮೇಲೂ ಮೆತ್ತಗೆ ಉಳಿಯುವ ಲೇಟೆಕ್ಸ್ ಅಂಟನ್ನೋ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಚೀಲ ಅಂಟಿಸಲು ತಯಾರಿಸಿದ ವೈದ್ಯಕೀಯ ಅಂಟನ್ನೋ ಬಳಸುವುದು ರೂಢಿಯಲ್ಲಿದೆ. ಕ್ಷಣಾರ್ಧದಲ್ಲಿ ಕಚ್ಚಿಕೊಳ್ಳುವ, ಒಡೆದ ಪಿಂಗಾಣಿ ಪ್ಲಾಸ್ಟಿಕ್ ಜೋಡಿಸುವ ಅಂಟನ್ನು ಎಂದಿಗೂ ಹಚ್ಚಕೂಡದು. ಅದು ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಗಾಜಿನಂತೆ ಬಿರುಸಾಗುತ್ತದೆ, ಮರಿ ತಲೆ ಒದರಿದರೆ ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ.

ಮರಿ ಆಟವಾಡಿ ದಣಿದು, ಹೊಟ್ಟೆ ತುಂಬಿ ತೂಕಡಿಸುವ ಹೊತ್ತು ಅಂಟಿಸುವುದಕ್ಕೆ ತಕ್ಕ ಸಮಯ. ಒಬ್ಬರು ತೊಡೆಯ ಮೇಲೆ ಹಿಡಿದುಕೊಂಡರೆ ಇನ್ನೊಬ್ಬರ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಮೊದಲು ಅಂಟಿಲ್ಲದೆಯೇ ಕಿವಿಯನ್ನು ಬುಡದಿಂದ ಮೇಲಕ್ಕೆತ್ತಿ, ಬುರುಡೆಯ ಗೆರೆಗಿಂತ ಸ್ವಲ್ಪ ಮೇಲೆ ಅಡ್ಡಮಡಿಕೆ ಬರುವಂತೆ ಮಡಿಚಿ, ತುದಿಯನ್ನು ಕಣ್ಣಿನ ಹೊರಮೂಲೆಗಿಂತ ಆಚೆಗೆ, ತಲೆಯ ಬದಿಗೆ ತಂದು ನೋಡಬೇಕು. ಎದುರಿನಿಂದ ನೋಡಿದಾಗ ಎರಡೂ ಮಡಿಕೆಗಳು ಒಂದೇ ಎತ್ತರದಲ್ಲಿವೆಯೇ ಎಂದು ದೂರ ಸರಿದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಹಾಲೆಯ ಒಳಬದಿಯಲ್ಲಿ, ತುದಿಯ ಬಳಿ ಮಾತ್ರ, ತೆಳುವಾಗಿ ಅಂಟು ಸವರಿ, ಅದು ಕೈಗೆ ಅಂಟಂಟಾಗುವಷ್ಟು ಆರಿದ ಮೇಲೆ ತಲೆಯ ಬದಿಯ ಗಿಡ್ಡ ಕೂದಲಿನ ಮೇಲೆ ಒತ್ತಿ ಕೆಲವು ನಿಮಿಷ ಹಿಡಿಯಬೇಕು. ಕಿವಿಯ ರಂಧ್ರದ ಬಾಯಿ ಯಾವ ಕಾರಣಕ್ಕೂ ಮುಚ್ಚಬಾರದು. ಮಡಿಕೆಯ ಅಡಿಯಲ್ಲಿ ಕಿರುಬೆರಳು ಸಲೀಸಾಗಿ ಹೋಗುವಷ್ಟು ಜಾಗವಿದ್ದರೆ ಒಳಗೆ ಗಾಳಿಯಾಡುತ್ತದೆ. ಅಂಟು ಒಣಗುವ ತನಕ ಮರಿಯ ಗಮನವನ್ನು ಬೇರೆ ಕಡೆ ಸೆಳೆಯಬೇಕಾಗುತ್ತದೆ, ಜೊತೆಯ ಮರಿಗಳಿಂದ ಒಂದೆರಡು ದಿನ ದೂರ ಇಡಬೇಕಾಗುತ್ತದೆ, ಏಕೆಂದರೆ ಅಂಟಿದ ಕಿವಿ ಅವುಗಳಿಗೆ ಜಗ್ಗಿ ಆಡುವ ವಸ್ತು.

ಅಂಟು ಸಾಮಾನ್ಯವಾಗಿ ಎರಡು ಮೂರು ವಾರ ನಿಲ್ಲುತ್ತದೆ. ಕೂದಲು ಬೆಳೆದಂತೆ ಅದು ಚರ್ಮದಿಂದ ಮೇಲೆದ್ದು ಸಡಿಲಾಗುತ್ತದೆ. ಆಗ ಕಿವಿ ನೇತಾಡುತ್ತ ಬೇರೆ ಜಾಗದಲ್ಲಿ ಮಡಿಚಿಕೊಳ್ಳುವ ಮೊದಲೇ ಬಿಡಿಸಬೇಕು. ಬೇಬಿ ಆಯಿಲ್‌ನಂಥ ಎಣ್ಣೆಯನ್ನು ಅಂಟಿಗೆ ಚೆನ್ನಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿನಿಂದ ಮೆಲ್ಲಗೆ ಉರುಳಿಸಿದರೆ ಅದು ಉಂಡೆಯಾಗಿ ಬರುತ್ತದೆ. ಎಳೆದು ಕೀಳುವುದು, ಕತ್ತರಿ ತೂರಿಸುವುದು ಬೇಡ. ಹಾಲೆಯ ಅಂಚಿನ ತೆಳುಚರ್ಮ ಕತ್ತರಿಗೆ ಸಿಕ್ಕರೆ ರಕ್ತ ನಿಲ್ಲಿಸುವುದೇ ಕಷ್ಟವಾಗುತ್ತದೆ. ಬಿಡಿಸಿದ ಮೇಲೆ ಕಿವಿಯನ್ನು ತೊಳೆದು ಒಣಗಿಸಿ ಎರಡು ಮೂರು ದಿನ ಬಿಡುವು ಕೊಟ್ಟು, ಆ ಬಿಡುವಿನಲ್ಲಿ ಕಿವಿ ಎಲ್ಲಿ ಕೂರುತ್ತಿದೆ ಎಂದು ನೋಡಿ, ಬೇಕೆನಿಸಿದರೆ ಮಾತ್ರ ಮತ್ತೆ ಅಂಟಿಸಬೇಕು. ಒಂದೇ ಸಲಕ್ಕೆ ಕೂರುವ ಕಿವಿಗಳಿವೆ, ಐದಾರು ಸಲ ಬೇಕಾಗುವ ಕಿವಿಗಳೂ ಇವೆ. ಶಾಶ್ವತ ಹಲ್ಲುಗಳೆಲ್ಲ ಬಂದ ಮೇಲೆ ಎರಡು ಮೂರು ವಾರ ಅಂಟಿಲ್ಲದೆಯೂ ಮಡಿಕೆ ಅಲ್ಲೇ ಉಳಿದರೆ ಕೆಲಸ ಮುಗಿಯಿತು ಎನ್ನಬಹುದು.

ಬೇರೆ ತಳಿಗಳಲ್ಲಿ ಗುರಿ ಬೇರೆ. ವೈರ್ ಫಾಕ್ಸ್ ಟೆರಿಯರ್‌ನ ಕಿವಿಯ ಮಡಿಕೆ ಬುರುಡೆಗಿಂತ ಸಾಕಷ್ಟು ಮೇಲಿರಬೇಕು, ಹಾಲೆ ಮುಂದಕ್ಕೆ ಬಾಗಿ ಕೆನ್ನೆಗೆ ಹತ್ತಿರ ಇಳಿಯಬೇಕು. ಏರ್‌ಡೇಲ್ ಕೂರಿಸಿದ ಕೈಯಿಂದಲೇ ಫಾಕ್ಸ್ ಟೆರಿಯರ್‌ಗೂ ಅಂಟಿಸಿದರೆ ತುದಿ ಬದಿಗೆ ಹೋಗಿಬಿಡುತ್ತದೆ. ಅಮೆರಿಕದ ಮಾನದಂಡವಂತೂ ಈ ತಳಿಯಲ್ಲಿ ನಿಮಿರಿದ ಕಿವಿ ಅಥವಾ ಗುಲಾಬಿ ಕಿವಿಯಿದ್ದರೆ ನಾಯಿಯನ್ನು ಸ್ಪರ್ಧೆಯಿಂದಲೇ ಅನರ್ಹಗೊಳಿಸುತ್ತದೆ. ಸ್ಕಾಟ್ಲೆಂಡಿನ ಕುರಿಕಾಯುವ ನಾಯಿಗಳಾದ ರಫ್ ಕಾಲಿ ಮತ್ತು ಶೆಟ್‌ಲೆಂಡ್ ಶೀಪ್‌ಡಾಗ್‌ಗಳ ಕಿವಿ ಅರೆನಿಮಿರು: ಬ್ರಿಟನ್ನಿನ ಮಾನದಂಡದಂತೆ ಕಾಲಿಯ ಕಿವಿಯಲ್ಲಿ ಮೂರರಲ್ಲಿ ಎರಡು ಪಾಲು ನಿಂತು, ತುದಿಯ ಒಂದು ಪಾಲು ಮುಂದಕ್ಕೆ ಬಾಗಿರಬೇಕು, ಅಮೆರಿಕದಲ್ಲಿ ನಿಂತ ಪಾಲು ಮುಕ್ಕಾಲು, ಬಾಗಿದ್ದು ಕಾಲು. ಇಲ್ಲಿ ಸಾಮಾನ್ಯವಾಗಿ ಎದುರಾಗುವುದು ಟೆರಿಯರ್‌ಗೆ ತಿರುಗುಮುರುಗಾದ ಸಮಸ್ಯೆ. ಹಲ್ಲು ಬರುವ ಕಾಲದಲ್ಲಿ ಕಿವಿ ತುದಿಯವರೆಗೂ ಎದ್ದು ನಿಂತು ನರಿಯ ಮುಖ ಬಂದುಬಿಡುತ್ತದೆ. ಅದಕ್ಕೆ ತುದಿಯನ್ನು ಮುಂದಕ್ಕೆ ಮಡಿಚಿ ಸ್ವಲ್ಪವೇ ಅಂಟಿನಿಂದ ಹಿಡಿದಿಡುತ್ತಾರೆ, ಇಲ್ಲವೇ ಜಿಡ್ಡಾದ ಲೇಪ ಸವರಿ ತುದಿಯ ಭಾರ ಹೆಚ್ಚಿಸುತ್ತಾರೆ. ಭಾರ ಜಾಸ್ತಿಯಾದರೆ ಮಡಿಕೆ ಬುಡಕ್ಕೇ ಇಳಿದುಬಿಡುವುದರಿಂದ ಇಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೆಯದು.

ನಮ್ಮಲ್ಲಿ ಹೆಚ್ಚು ಮನೆಗಳಲ್ಲಿರುವ ಜರ್ಮನ್ ಶೆಫರ್ಡ್ ಬಗ್ಗೆ ಒಂದೆರಡು ಮಾತು. ಇದರ ಕಿವಿ ಪೂರ್ತಿ ನಿಮಿರಬೇಕು, ಮತ್ತು ಬಹುಪಾಲು ಮರಿಗಳಲ್ಲಿ ಆರು ತಿಂಗಳೊಳಗೆ ತಾನಾಗಿಯೇ ನಿಮಿರುತ್ತದೆ. ನಾಲ್ಕನೇ ತಿಂಗಳಲ್ಲಿ ಎದ್ದ ಕಿವಿ ಮತ್ತೆ ಬಿದ್ದಿತೆಂದು ಗಾಬರಿಯಾಗಬೇಕಿಲ್ಲ. ಮಕ್ಕಳು ಅದರ ಕಿವಿಯನ್ನು ಎಳೆದಾಡದಂತೆ, ಮಡಿಚಿ ಆಡದಂತೆ ನೋಡಿಕೊಳ್ಳುವುದೇ ಆಗ ಮಾಡಬಹುದಾದ ದೊಡ್ಡ ಉಪಕಾರ.

ಹಲ್ಲು ಬರುವಾಗ ಕಿವಿ ಬೀಳುವುದನ್ನು ಕಂಡು "ಕ್ಯಾಲ್ಸಿಯಂ ಎಲ್ಲಾ ಹಲ್ಲಿಗೆ ಹೋಗುತ್ತಿದೆ" ಎಂದು ಸಿರಪ್ ಮತ್ತು ಮಾತ್ರೆಗಳನ್ನು ಕೊಡಿಸುವ ರೂಢಿ ವ್ಯಾಪಕವಾಗಿದೆ. ಇದನ್ನು ಬಿಡಿಸಬೇಕೆಂಬುದು ನನ್ನ ಕಳಕಳಿಯ ಮನವಿ. ಮೂಳೆ ಗಟ್ಟಿಯಾಗುವುದು ಅದರಲ್ಲಿ ಕ್ಯಾಲ್ಸಿಯಂ ಲವಣ ಕೂಡುವುದರಿಂದ. ಕಿವಿಯ ಸ್ಥಿತಿಸ್ಥಾಪಕ ಮೃದ್ವಸ್ಥಿಯ ಬಿಗಿ ಬರುವುದು ಅದರ ಎಳೆಗಳಿಂದ, ಲವಣದಿಂದಲ್ಲ; ಹಾಗಾಗಿ ಮರಿಗೆ ಹೆಚ್ಚುವರಿಯಾಗಿ ಉಣಿಸಿದ ಕ್ಯಾಲ್ಸಿಯಂ ಕಿವಿಗೆ ಬಲ ಕೊಡುವ ದಾರಿಯೇ ಇಲ್ಲ. ಮೂಳೆಗೆ ಮಾತ್ರ ಅದು ಹಾನಿ ಮಾಡಬಲ್ಲದು. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನಗಳು, ಆಹಾರದಲ್ಲಿ ಕ್ಯಾಲ್ಸಿಯಂ ಅತಿಯಾದರೆ ಬೆಳೆಯುವ ಮೂಳೆ ಮತ್ತು ಕೀಲುಗಳ ರಚನೆಯೇ ಕೆಡುತ್ತದೆ ಎಂದು ತೋರಿಸಿದವು. ಎಳೆಯ ಮರಿಯ ಕರುಳು ಬೇಡದ ಕ್ಯಾಲ್ಸಿಯಂ ಅನ್ನು ತಡೆದು ಹೊರಹಾಕುವಷ್ಟು ಸಮರ್ಥವಾಗಿರುವುದಿಲ್ಲ. ಸಮತೋಲನದ ಮರಿ ಆಹಾರ ತಿನ್ನುವ, ಜಂತುಹುಳುವಿನ ಔಷಧ ಸಕಾಲಕ್ಕೆ ಪಡೆದ ಮರಿಗೆ ಬೇರೇನೂ ಬೇಕಾಗುವುದಿಲ್ಲ.

ಅಂಟಿನ ವಾರಗಳಲ್ಲಿ ದಿನವೂ ಕಿವಿಯನ್ನು ಮೂಸಿ ನೋಡಬೇಕು. ನಾಯಿಯ ಕಿವಿಯ ನಾಳ ಮೊದಲು ಕೆಳಕ್ಕೆ ಇಳಿದು ಆಮೇಲೆ ಒಳಕ್ಕೆ ತಿರುಗುವುದರಿಂದ ಅಲ್ಲಿ ತೇವ ನಿಂತರೆ ಸುಲಭವಾಗಿ ಆರುವುದಿಲ್ಲ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಂತೂ ಮಡಿಚಿ ಅಂಟಿಸಿದ ಕಿವಿಯೊಳಗೆ ಯೀಸ್ಟ್ ಬೆಳೆಯುವುದಕ್ಕೆ ಬೇಕಾದ ಬೆಚ್ಚಗಿನ ತೇವ ತಾನಾಗಿ ಸಿಗುತ್ತದೆ. ಹುಳಿ ವಾಸನೆ, ಕಂದು ಬಣ್ಣದ ಜಿಗುಟು, ಕೆಂಪು, ತಲೆಯನ್ನು ಒಂದೇ ಕಡೆಗೆ ವಾಲಿಸುವುದು, ಪದೇ ಪದೇ ಒದರುವುದು, ಇವುಗಳಲ್ಲಿ ಯಾವುದು ಕಂಡರೂ ಪ್ರದರ್ಶನದ ದಿನಾಂಕ ಎಷ್ಟೇ ಹತ್ತಿರವಿರಲಿ, ಅಂಟನ್ನು ಅಂದೇ ಬಿಡಿಸಿ ಪಶುವೈದ್ಯರಿಗೆ ತೋರಿಸಬೇಕು. ತಲೆಯನ್ನು ಜೋರಾಗಿ ಒದರುತ್ತಲೇ ಇದ್ದರೆ ಹಾಲೆಯೊಳಗಿನ ರಕ್ತನಾಳ ಒಡೆದು, ಚರ್ಮ ಮತ್ತು ಮೃದ್ವಸ್ಥಿಯ ನಡುವೆ ರಕ್ತ ತುಂಬಿ ಊದಿಕೊಳ್ಳುತ್ತದೆ. ಅದು ವಾಸಿಯಾಗುವಾಗ ಹಾಲೆ ಮುದುಡಿಕೊಂಡರೆ ಮತ್ತೆ ಯಾವ ಅಂಟೂ ಆ ಕಿವಿಯನ್ನು ಸರಿಮಾಡಲಾರದು. ಬುಡದ ಸುತ್ತ ರಬ್ಬರ್ ಬ್ಯಾಂಡ್ ಅಥವಾ ಬಿಗಿಯಾದ ಟೇಪ್ ಸುತ್ತುವುದು ಇದಕ್ಕಿಂತಲೂ ಅಪಾಯ, ಏಕೆಂದರೆ ರಕ್ತ ಸಂಚಾರ ನಿಂತ ಹಾಲೆ ಸತ್ತೇ ಹೋಗಬಹುದು.

ಈ ಕ್ರಮವನ್ನು ಕಿವಿ ಕತ್ತರಿಸುವುದರೊಂದಿಗೆ ಯಾರೂ ಬೆರೆಸಬಾರದು. ಡಾಬರ್‌ಮನ್, ಗ್ರೇಟ್ ಡೇನ್ ಮುಂತಾದವುಗಳ ಹಾಲೆಯನ್ನು ಕೊಯ್ದು ನಿಮಿರಿಸುವ ಪದ್ಧತಿಯನ್ನು ಬ್ರಿಟನ್ನಿನ ಕೆನಲ್ ಕ್ಲಬ್ 19ನೇ ಶತಮಾನದ ಕೊನೆಯಲ್ಲೇ ತನ್ನ ಪ್ರದರ್ಶನಗಳಿಂದ ಹೊರಗಿಟ್ಟಿತು. ಅಂಟಿನಲ್ಲಿ ಕೊಯ್ತವಿಲ್ಲ, ಸರಿಯಾಗಿ ಮಾಡಿದರೆ ನೋವೂ ಇಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೃತಕ ವಿಧಾನದಿಂದ ರೂಪ ಬದಲಿಸಿದ ನಾಯಿ, ತಳಿಯ ಮಾನದಂಡ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಹೊರತು, ಸ್ಪರ್ಧಿಸುವಂತಿಲ್ಲ ಎಂದು ಅಮೆರಿಕನ್ ಕೆನಲ್ ಕ್ಲಬ್‌ನ ನಿಯಮ ಹೇಳುತ್ತದೆ. ಎಳವೆಯಲ್ಲಿ ಕೊಟ್ಟ ಒತ್ತಾಸೆಯನ್ನು ಟೆರಿಯರ್ ಮತ್ತು ಕಾಲಿ ವಲಯಗಳಲ್ಲಿ ಆರೈಕೆಯೆಂದೇ ಎಣಿಸುತ್ತ ಬಂದಿದ್ದಾರೆ, ಅಂಕಣಕ್ಕೆ ಬರುವಾಗ ಕಿವಿಯಲ್ಲಿ ಅಂಟಿನ ಕುರುಹು ಇರಬಾರದು ಅಷ್ಟೇ. ನನ್ನ ಅಭಿಪ್ರಾಯದಲ್ಲಿ ತೀರ್ಪುಗಾರರ ಎದುರಿನ ಪ್ರಾಮಾಣಿಕತೆಗಿಂತ ಮುಂದಿನ ಪೀಳಿಗೆಯ ಎದುರಿನ ಪ್ರಾಮಾಣಿಕತೆ ದೊಡ್ಡದು. ಐದು ಸಲ ಅಂಟಿಸಿ ಕೂರಿಸಿದ ಕಿವಿಯ ಗಂಡುನಾಯಿ ತನ್ನ ಮರಿಗಳಿಗೆ ಕೊಡುವುದು ಕೂರಿಸಿದ ಮಡಿಕೆಯನ್ನಲ್ಲ, ತಾನು ಹುಟ್ಟಿನಲ್ಲಿ ಪಡೆದ ಹಾಲೆಯನ್ನು. ಆದ್ದರಿಂದ ಪ್ರತಿ ಮರಿಯ ಕಿವಿ ಯಾವ ವಯಸ್ಸಿನಲ್ಲಿ ಹೇಗಿತ್ತು, ಎಷ್ಟು ಸಲ ಅಂಟಿಸಬೇಕಾಯಿತು, ಬಿಡುವಿನ ದಿನಗಳಲ್ಲಿ ಎಲ್ಲಿ ಮಡಿಚಿಕೊಳ್ಳುತ್ತಿತ್ತು ಎಂಬುದನ್ನು ಬ್ರೀಡರ್ ಫೋಟೊ ಸಹಿತ ಬರೆದಿಡಬೇಕು. ಮರಿ ಕೊಳ್ಳುವವರು ಅಥವಾ ತಮ್ಮ ಹೆಣ್ಣುನಾಯಿಗೆ ಜೋಡಿ ಹುಡುಕುವವರು ಪದಕದ ಪಟ್ಟಿಯನ್ನು ನೋಡುವ ಮೊದಲು ಆ ಪುಸ್ತಕವನ್ನು ಕೇಳಿ ನೋಡಬೇಕು.